ಹೊಗೆಸೊಪ್ಪಿನ ದುಡ್ಡಲ್ಲಿ ಮೊದಲ ಗಿಟಾರು

ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು ಬಿಕರಿಯಾಗಿ ಖಾತೆಗೆ ದುಡ್ಡು ಬೀಳುವ ಕಾಲ. ದಸರೆ ಬಾಗಿಲಲ್ಲಿದೆ. ಹುಣಸೂರಿನಲ್ಲೋ ಎಚ್.ಡಿ. ಕೋಟೆಯಲ್ಲೋ ಮನೆಯ ಹುಡುಗ, ಹುಡುಗಿ ಎಲೆಕ್ಟ್ರಿಕ್ ಗಿಟಾರ್ ಕೇಳಿದರೆ ಏನು ಕೊಡಿಸಬೇಕು? ಅಗ್ಗದ್ದೇ ಆಗಲಿ. ಆದರೆ ಶ್ರುತಿ ನಿಲ್ಲಬೇಕು, ಬೆರಳಿಗೆ ಒಲಿಯಬೇಕು, ಶಾಕ್ ಹೊಡೆಯಬಾರದು. ಈ ಮೂರಕ್ಕೆ ದುಡ್ಡು ಕೊಡಿ, ಹೊಳಪಿಗೆ ಬೇಡ.

ಗಣೇಶನನ್ನು ಕೂರಿಸಿದ ಊರು. ರಾತ್ರಿ ಹತ್ತರ ಹೊತ್ತು. ಶಾಲೆಯ ಮೈದಾನದಲ್ಲಿ ಶಾಮಿಯಾನ, ಅದರ ಬೆನ್ನಿಗೆ ಜನರೇಟರ್. ವೇದಿಕೆಯ ಎಡಕ್ಕೆ ಕೀಬೋರ್ಡ್, ಬಲಕ್ಕೆ ರಿದಂ ಪ್ಯಾಡ್, ನಡುವೆ ಮಿಂಚುವ ಅಂಗಿಯ ಗಾಯಕ.

ರಾಜ್‌ಕುಮಾರ್ ಹಾಡು ಮುಗಿಯಿತು. ಹೊಸ ಸಿನಿಮಾದ ಹಾಡು ಶುರುವಾಗಬೇಕು. ಅಷ್ಟು ಹೊತ್ತೂ ಹಿಂದೆ ನಿಂತಿದ್ದವನು ಒಂದು ಹೆಜ್ಜೆ ಮುಂದೆ ಬರುತ್ತಾನೆ. ಹೆಗಲಲ್ಲಿ ಕೆಂಪು ಗಿಟಾರ್. ಕಾಲಡಿಯ ಪೆಡಲ್ ಒತ್ತಿ ಒಂದೇ ಒಂದು ತಂತಿ ಮೀಟುತ್ತಾನೆ. ಸ್ವರ ಮೈದಾನ ದಾಟಿ, ಕೆರೆಯ ಏರಿ ದಾಟಿ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಮಕ್ಕಳು ಎದ್ದು ನಿಲ್ಲುತ್ತಾರೆ.

ಕಾರ್ಯಕ್ರಮ ಮುಗಿದು ವೈರ್ ಸುತ್ತುವಾಗ ಹೈಸ್ಕೂಲಿನ ಹುಡುಗರ ಗುಂಪು ವೇದಿಕೆಯ ಅಂಚಿಗೆ ಬಂದಿರುತ್ತದೆ.

‘ಅಣ್ಣ, ಒಂದ್ಸಲ ಮುಟ್ಲಾ?’

‘ಮುಟ್ಟು ಮಗ, ಕೈ ಒರೆಸ್ಕೊ.’

ಮುಟ್ಟಿದ ಮೇಲಿನ ಪ್ರಶ್ನೆ ಯಾವ ಊರಲ್ಲಾದರೂ ಒಂದೇ: ‘ಎಷ್ಟಾಯ್ತದಣ್ಣ ಇದ್ಕೆ?’

ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳುವ ಪ್ರಯತ್ನ ಈ ಬರಹ.

ವರ್ಷಕ್ಕೊಮ್ಮೆ ಕಾಣುವ ದುಡ್ಡು

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಮಣ್ಣಿನಲ್ಲಿ ಕೈಗೆ ದುಡ್ಡು ಕಾಣಿಸುವ ಬೆಳೆ ಹೊಗೆಸೊಪ್ಪು. ಮುಂಗಾರಿನ ಮೊದಲ ಮಳೆಗಳಿಗೆ ಸಸಿ ನೆಟ್ಟು, ಎಲೆ ಮುರಿದು, ಕಡ್ಡಿಗೆ ಕಟ್ಟಿ, ಎಲೆ ಒಣಗಿಸುವ ಬ್ಯಾರನ್ನಿನ ಬೆಂಕಿಯನ್ನು ಹಗಲೂ ರಾತ್ರಿ ಕಾದು ಹದ ಮಾಡಬೇಕು. ಆಮೇಲೆ ಬೇಲುಗಳು ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದಂಥ ಹರಾಜು ಮಾರುಕಟ್ಟೆಗಳನ್ನು ಸೇರುತ್ತವೆ. ತಂಬಾಕು ಮಂಡಳಿಯ ಹರಾಜು ಸಾಮಾನ್ಯವಾಗಿ ದಸರೆಯ ಆಸುಪಾಸಿನಲ್ಲಿ ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಕೆ.ಆರ್. ನಗರದ ಕಾವೇರಿ ಬಯಲಿನ ಭತ್ತದ ದುಡ್ಡು ಕೈಸೇರುವುದು ಇನ್ನೂ ತಡ.

ಎರಡು ಕಡೆಯೂ ಲೆಕ್ಕ ಒಂದೇ. ಗೊಬ್ಬರದ ಅಂಗಡಿ ಬಾಕಿ, ಸಂಘದ ಕಂತು, ಕಾಲೇಜು ಫೀಸು ಕಳೆದು ಉಳಿದದ್ದರಲ್ಲಿ ಆಸೆಗಳಿಗೆ ಪಾಲು. ಆ ಪಾಲಿನಲ್ಲಿ ತಪ್ಪು ವಸ್ತು ಕೊಂಡರೆ ತಿದ್ದಿಕೊಳ್ಳಲು ಮತ್ತೊಂದು ಬೆಳೆ ಬರಬೇಕು.

ಕೆಟ್ಟ ಗಿಟಾರಿನಿಂದ ದುಡ್ಡಿಗಿಂತ ದೊಡ್ಡ ನಷ್ಟವೊಂದಿದೆ. ಶ್ರುತಿ ನಿಲ್ಲದ, ತಂತಿ ಎತ್ತರದಲ್ಲಿರುವ ವಾದ್ಯವನ್ನು ಎಷ್ಟು ನುಡಿಸಿದರೂ ಅಪಸ್ವರವೇ. ಹೊಸದಾಗಿ ಕಲಿಯುವ ಮಗುವಿಗೆ ತಪ್ಪು ವಾದ್ಯದ್ದೋ ತನ್ನದೋ ಗೊತ್ತಾಗುವುದಿಲ್ಲ. ‘ನಂಗೆ ಸಂಗೀತ ಬರಲ್ಲ’ ಎಂದು ಅದು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ಬದುಕಿಡೀ ಉಳಿಯಬಹುದು. ಅಗ್ಗದ ಗಿಟಾರನ್ನು ಎಚ್ಚರದಿಂದ ಆರಿಸಬೇಕಾದದ್ದು ಇದಕ್ಕಾಗಿ.

ಚೌಡಯ್ಯನವರಿಗೂ ಸದ್ದಿನದೇ ಚಿಂತೆ

ಎಲೆಕ್ಟ್ರಿಕ್ ಗಿಟಾರನ್ನು ಹುಟ್ಟಿಸಿದ್ದು ವಾದ್ಯದ ಸದ್ದು ಸಾಲದು ಎಂಬ ಚಿಂತೆ. ಅದು ಮೈಸೂರು ಸೀಮೆಗೆ ಹೊಸದಲ್ಲ. ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯ ಕಛೇರಿ ಮಾಡುತ್ತಿದ್ದ ಕಾಲಕ್ಕೆ ಮೈಕು ಎಲ್ಲ ಕಡೆ ಬಂದಿರಲಿಲ್ಲ. ದೊಡ್ಡ ಸಭೆಯ ಹಿಂದಿನ ಸಾಲಿಗೂ ಪಿಟೀಲು ಕೇಳಬೇಕೆಂದು ಅವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಗೆ ಏರಿಸಿದರು. ಅದೂ ಸಾಲದೆ ಹತ್ತೊಂಬತ್ತು ತಂತಿಯ ಪಿಟೀಲು ಮಾಡಿದರು.

ಸರಿಸುಮಾರು ಅದೇ ಕಾಲಕ್ಕೆ ಅಮೆರಿಕದ ನೃತ್ಯಶಾಲೆಗಳಲ್ಲಿ ಡ್ರಮ್ಮು, ತುತ್ತೂರಿಗಳ ನಡುವೆ ಗಿಟಾರ್ ಮುಳುಗಿಹೋಗುತ್ತಿತ್ತು. ಜಾರ್ಜ್ ಬೀಚಮ್ 1931ರಲ್ಲಿ ತಂತಿಯ ಕಂಪನವನ್ನೇ ವಿದ್ಯುತ್ತಾಗಿಸುವ ದಾರಿ ಹುಡುಕಿದ. ರಿಕನ್‌ಬ್ಯಾಕರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು.

ಅಗ್ಗದ ಗಿಟಾರಿಗೆ ದಾರಿ ತೆರೆದವನು ಲಿಯೋ ಫೆಂಡರ್. ರೇಡಿಯೊ ರಿಪೇರಿಯವನು, ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರ ಹೊತ್ತಿಗೆ ಅವನು ಟೊಳ್ಳು ಪೆಟ್ಟಿಗೆಯ ಬದಲು ಗಟ್ಟಿ ಹಲಗೆ ಕೊಯ್ದು, ಕುತ್ತಿಗೆಯನ್ನು ಸ್ಕ್ರೂನಿಂದ ಬಿಗಿದ ಗಿಟಾರುಗಳನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದ. 1954ರಲ್ಲಿ ಬಂದ ಅವನ ಸ್ಟ್ರಾಟೊಕಾಸ್ಟರ್‌ನ ಎರಡು ಕೊಂಬಿನ ಆಕಾರವನ್ನೇ ಇಂದಿನ ಬಹುಪಾಲು ಅಗ್ಗದ ಗಿಟಾರುಗಳು ಹೊತ್ತಿವೆ. ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸಿ ಮಾಡಬಹುದಾದ ವಾದ್ಯವಾದ್ದರಿಂದಲೇ ಅದು ಹಳ್ಳಿಯ ಮನೆಯ ಕೈಗೂ ಎಟುಕುತ್ತಿದೆ.

ಅರ್ಧ ವಾದ್ಯ ಮರದಲ್ಲಿ, ಅರ್ಧ ಪೆಟ್ಟಿಗೆಯಲ್ಲಿ

ತಂತಿಯ ಕೆಳಗೆ ಕಾಣುವ ಪಟ್ಟಿಗೆ ಪಿಕಪ್ ಎನ್ನುತ್ತಾರೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಅದೇ ಲಯದ ವಿದ್ಯುತ್ ಹುಟ್ಟುತ್ತದೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ, ಅತಿ ತೆಳು ತಂತಿ ಸುಮಾರು 330 ಸಲ ಕಂಪಿಸುತ್ತವೆ.

ಹುಟ್ಟುವ ವಿದ್ಯುತ್ತು ತೀರ ಅಲ್ಪ. ಅದನ್ನು ಹಿಗ್ಗಿಸಿ ಸ್ಪೀಕರ್ ನಡುಗಿಸುವುದು ಆಂಪ್ಲಿಫೈಯರ್, ಅಂದರೆ ಆಂಪ್. ಮನೆಯ ಹೋಮ್ ಥಿಯೇಟರಿಗೆ ಗಿಟಾರನ್ನು ನೇರವಾಗಿ ಸಿಕ್ಕಿಸಿದರೆ ಸ್ವರ ಮಂಕಾಗಿ, ಸೊರಗಿ ಬರುತ್ತದೆ. ಅದನ್ನು ಗಿಟಾರಿಗಾಗಿ ಮಾಡಿದ್ದಲ್ಲ. ಹಾಗಾಗಿ ಇರುವ ದುಡ್ಡನ್ನೆಲ್ಲ ಗಿಟಾರಿಗೇ ಸುರಿದು ಆಂಪನ್ನು ಮರೆತರೆ ಅರ್ಧ ವಾದ್ಯ ಕೊಂಡಂತೆಯೇ ಸರಿ.

‘ಮೊದಲು ಅಕೌಸ್ಟಿಕ್ ಕಲಿ’ ಎಂಬ ಮಾತು

ಹಿರಿಯರು ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಇದು ನಿಯಮವಲ್ಲ. ಎಲೆಕ್ಟ್ರಿಕ್ ಗಿಟಾರಿನ ಅತಿ ತೆಳು ತಂತಿ ಸಾಮಾನ್ಯವಾಗಿ 0.009 ಇಂಚು, ಅಕೌಸ್ಟಿಕ್‌ನಲ್ಲಿ ಅದು 0.011 ಅಥವಾ 0.012. ಎಲೆಕ್ಟ್ರಿಕ್‌ನ ತಂತಿಗಳು ಮರಕ್ಕೆ ಹತ್ತಿರವಾಗಿಯೂ ಕೂರುತ್ತವೆ. ಬೆರಳ ತುದಿ ಕಡಿಮೆ ನೋಯುತ್ತದೆ, ಮಗು ಹೆಚ್ಚು ಹೊತ್ತು ಅಭ್ಯಾಸ ಮಾಡುತ್ತದೆ. ಮನೆಯವರು ಮಲಗಿದ ಮೇಲೆ ಆಂಪ್ ಆರಿಸಿ ಬರಿಗಿಟಾರ್ ನುಡಿಸಿದರೆ ಪಕ್ಕದ ಕೋಣೆಗೂ ಕೇಳುವುದಿಲ್ಲ.

ವೈರ್ ಸಿಕ್ಕಿಸಿದ ವಾದ್ಯ ಗಂಭೀರ ಸಂಗೀತಕ್ಕೆ ಒಗ್ಗದು ಎನ್ನುವವರಿಗೆ ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಎಂದೋ ಉತ್ತರ ಕೊಟ್ಟಾಗಿದೆ. ಆ ಪುಟ್ಟ ವಾದ್ಯದಲ್ಲಿ ಅವರು ಕರ್ನಾಟಕ ಸಂಗೀತದ ಗಮಕಗಳನ್ನು ಪೂರ್ತಿಯಾಗಿ ನುಡಿಸಿ ತೋರಿಸಿದರು. ಮಗು ಕೇಳುತ್ತಿರುವುದು ಯಾವ ಸದ್ದನ್ನೋ ಆ ಸದ್ದಿನ ವಾದ್ಯವನ್ನೇ ಕೊಡಿಸಿ. ಆಸೆ ಇರುವಲ್ಲಿ ಅಭ್ಯಾಸವೂ ಇರುತ್ತದೆ.

20 ಸಾವಿರ ಇದ್ದರೆ ಹೀಗೆ ಹಂಚಿ

ಕೈಯಲ್ಲಿ 20 ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಗಿಟಾರಿಗೆ 12 ಸಾವಿರದ ಆಸುಪಾಸು, ಆಂಪಿಗೆ 5ರಿಂದ 6 ಸಾವಿರ. ಉಳಿದ 2 ಸಾವಿರದಲ್ಲಿ ಕೇಬಲ್, ಹೆಗಲಪಟ್ಟಿ, ತಂತಿ ಮೀಟುವ ಪಿಕ್‌ಗಳು, ಒಂದು ಸೆಟ್ ಹೆಚ್ಚುವರಿ ತಂತಿ, ಜೊತೆಗೆ ತಂತಿಯ ಎತ್ತರ ಹದ ಮಾಡಿಸುವ ಕೂಲಿ. ಈ ಕೊನೆಯ ಕೆಲಸಕ್ಕೆ ಅಂಗಡಿಯವರು ಸೆಟಪ್ ಎನ್ನುತ್ತಾರೆ. ಅಗ್ಗದ ಗಿಟಾರಿಗೆ ಸೆಟಪ್ ಬೇಕೇ ಬೇಕು. ಕಾರ್ಖಾನೆಯಲ್ಲಿ ಅದಕ್ಕೆ ಸಿಕ್ಕದ ಆರೈಕೆ ಇಲ್ಲಿ ಸಿಗುತ್ತದೆ.

ಯಮಾಹಾ ಪೆಸಿಫಿಕಾ, ಇಬಾನೆಜ್ ಜಿಯೋ, ಫೆಂಡರ್‌ನ ಕಿರಿಯ ಬ್ರ್ಯಾಂಡ್ ಸ್ಕ್ವಯರ್, ಕೋರ್ಟ್ ಇವು ಹೊಸಬರು ನಂಬಬಹುದಾದ ಹೆಸರುಗಳು. ಹೊಸದು ಬಜೆಟ್ ಮೀರಿದರೆ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಹುಡುಕಿ. ಕಾಲೇಜು ದಿನಗಳಲ್ಲಿ ಕೊಂಡು ನೌಕರಿ ಸಿಕ್ಕಮೇಲೆ ಮೂಲೆಗಿಟ್ಟ ಗಿಟಾರುಗಳು ಮೈಸೂರು, ಬೆಂಗಳೂರಿನಲ್ಲಿ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಇನ್ನೂ ಕಡಿಮೆ ಬೆಲೆಗೆ ಕೇಡೆನ್ಸ್, ವಾಲ್ಟ್, ಹುವಾರೆಜ್‌ನಂಥವು ಸಿಗುತ್ತವೆ. ಈ ಬೆಲೆಯಲ್ಲಿ ಒಂದೇ ಮಾಡೆಲ್‌ನ ಎರಡು ಗಿಟಾರುಗಳ ನಡುವೆಯೂ ವ್ಯತ್ಯಾಸ ಇರುತ್ತದೆ; ಹೆಸರಿಗಿಂತ ಕೈಗೆ ಬಂದ ವಾದ್ಯ ಮುಖ್ಯ.

ಗಿಟಾರ್, ಆಂಪ್, ಬ್ಯಾಗ್ ಎಲ್ಲ ಸೇರಿದ ಕಾಂಬೋ ಕಣ್ಣಿಗೆ ಲಾಭವಾಗಿ ಕಾಣುತ್ತದೆ. ಅದರಲ್ಲಿ ಬರುವ ಆಂಪ್ ಬಹಳ ಸಲ ಹೆಸರಿಗೆ ಮಾತ್ರ. ದುಡ್ಡು ಅಷ್ಟೇ ಇದ್ದರೆ ಗಿಟಾರನ್ನು ಚೆನ್ನಾಗಿರುವುದು ತೆಗೆದುಕೊಂಡು, ಅದಕ್ಕೇ ಸಿಕ್ಕಿಸಿ ಕಿವಿಗೆ ಹಾಕಿಕೊಳ್ಳುವ ಪುಟ್ಟ ಹೆಡ್‌ಫೋನ್ ಆಂಪಿನಿಂದ ಶುರು ಮಾಡಿ. ದೊಡ್ಡ ಆಂಪ್ ಮುಂದಿನ ಬೆಳೆಗೆ ಬರಲಿ.

ಮೊದಲ ಗಿಟಾರಿನ ಸೇತುವೆ, ಅಂದರೆ ತಂತಿಗಳು ಕೂರುವ ಬ್ರಿಡ್ಜ್, ಅಲುಗದಂಥದ್ದಿರಲಿ. ಫ್ಲಾಯ್ಡ್ ರೋಸ್ ಎಂಬ ಬೀಗದ ಬ್ರಿಡ್ಜ್ ನೋಡಲು ಭರ್ಜರಿ. ಆದರೆ ಅದರಲ್ಲಿ ಒಂದು ತಂತಿ ಕಡಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ, ಹೊಸಬರು ಸರಿಮಾಡಲಾರರು. ಎಂಟು ಹತ್ತು ವರ್ಷದ ಮಕ್ಕಳಿಗೆ ಇಬಾನೆಜ್ ಮಿಕ್ರೋದಂಥ ಗಿಡ್ಡ ಕುತ್ತಿಗೆಯ ಗಿಟಾರ್ ಇದೆ. ಎಡಗೈಯವರಿಗೂ ಬೇರೆ ಮಾಡೆಲ್‌ಗಳಿವೆ. ಅಂಗಡಿಗೆ ಹೋಗುವ ಮೊದಲೇ ಫೋನ್ ಮಾಡಿ ವಿಚಾರಿಸಿ.

ಹಲ್ಲು ನೋಡದೆ ಎತ್ತು ಕೊಳ್ಳುವವರುಂಟೆ?

ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಗಿಟಾರ್ ಕೊಳ್ಳುವಾಗಲೂ ಅದೇ ಕಣ್ಣು ಬೇಕು. ಆ ಕಣ್ಣು ಈ ತಾಲ್ಲೂಕುಗಳ ಅಪ್ಪಂದಿರಿಗೆ ಇದೆ. ಗಿಟಾರ್ ಗೊತ್ತಿಲ್ಲದಿದ್ದರೂ ಅಂಗಡಿಗೆ ಮಗನ, ಮಗಳ ಜೊತೆ ಅವರು ಹೋಗಬೇಕು.

ಹುಣಸೂರಿನಿಂದ ಮೈಸೂರು ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ ಸುಮಾರು 70. ಕೆ.ಆರ್. ನಗರದವರಿಗೆ ರೈಲೂ ಇದೆ. ಆನ್‌ಲೈನಿನಲ್ಲಿ ಐನೂರು ರೂಪಾಯಿ ಉಳಿಸುವುದಕ್ಕಿಂತ ಒಂದು ದಿನ ಬಿಡುವು ಮಾಡಿಕೊಂಡು ಬಸ್ ಹತ್ತುವುದು ಮೇಲು. ನುಡಿಸಲು ಬರುವ ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಊರಿನ ಆರ್ಕೆಸ್ಟ್ರಾ ಅಣ್ಣನನ್ನೇ ಕೇಳಿ. ಆನ್‌ಲೈನಿನಲ್ಲೇ ತರಿಸಬೇಕಾದರೆ ವಾಪಸ್ ಕೊಡುವ ಗಡುವು ಓದಿಕೊಂಡು, ಪೆಟ್ಟಿಗೆ ಬಿಚ್ಚಿದ ದಿನವೇ ಈ ಪರೀಕ್ಷೆಗಳನ್ನು ಮುಗಿಸಿ.

---

ಬಾಕ್ಸ್ | ಅಂಗಡಿಯಲ್ಲಿ ಐದು ಪರೀಕ್ಷೆ

1. ಕುತ್ತಿಗೆ: ಕುತ್ತಿಗೆಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ. ನಡುವೆ ತೆಳು ಸಂದು ಮಾತ್ರ ಕಾಣಬೇಕು. ಸಂದು ದೊಡ್ಡದಿದ್ದರೆ ಕುತ್ತಿಗೆ ಬಾಗಿದೆ.

2. ತಂತಿಯ ಎತ್ತರ: 12ನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2 ಮಿ.ಮೀ. ಎತ್ತರದಲ್ಲಿದ್ದರೆ ಚೆನ್ನ. 3 ಮಿ.ಮೀ. ದಾಟಿದರೆ ಸೆಟಪ್ ಮಾಡಿಸದೆ ಮನೆಗೆ ತರಬೇಡಿ.

3. ಸ್ವರಶುದ್ಧಿ: ತಂತಿಯ ಸರಿಯಾದ ನಡುಮಧ್ಯ 12ನೇ ಫ್ರೆಟ್. ಮೊಬೈಲಿನ ಟ್ಯೂನರ್ ತೆರೆದು ಬರಿತಂತಿ ಮೀಟಿ, ಆಮೇಲೆ 12ರಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಿದ್ದು, ಎರಡನೆಯದು ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು.

4. ಅಂಚು: ಕುತ್ತಿಗೆಯ ಎರಡು ಬದಿಗೂ ಅಂಗೈ ಸವರಿ. ಫ್ರೆಟ್ ತುದಿಗಳು ಗೀಚಬಾರದು. ಪ್ರತಿ ಫ್ರೆಟ್‌ನಲ್ಲೂ ಒತ್ತಿ ಮೀಟಿ, ಎಲ್ಲೂ ಝರ್ರೆನ್ನಬಾರದು.

5. ವೈರಿಂಗ್: ಆಂಪಿಗೆ ಸಿಕ್ಕಿಸಿ ಪ್ರತಿ ಗುಂಡಿ ತಿರುಗಿಸಿ, ಕೇಬಲ್ ಬುಡ ಅಲುಗಿಸಿ. ಕರಕರ ಸದ್ದು ಬಂದರೆ ಬೇರೆ ತೋರಿಸಲು ಹೇಳಿ.

---

ಆಂಪ್: ವ್ಯಾಟ್‌ಗೆ ಮರುಳಾಗಬೇಡಿ

ಮನೆಯ ಅಭ್ಯಾಸಕ್ಕೆ 10ರಿಂದ 15 ವ್ಯಾಟ್ ಸಾಕು, ಹಜಾರ ತುಂಬುತ್ತದೆ. ನೋಡಬೇಕಾದದ್ದು ಬೇರೆ. ತಿಳಿಯಾದ ಸ್ವರಕ್ಕೊಂದು, ಒರಟು ಗುಡುಗಿಗೊಂದು, ಹೀಗೆ ಎರಡು ಚಾನೆಲ್ ಇರಬೇಕು. ಹೆಡ್‌ಫೋನ್ ತೂತು ಇರಬೇಕು. ಮೊಬೈಲ್‌ನಿಂದ ಹಾಡು ಹಾಕಿ ಅದರ ಜೊತೆ ನುಡಿಸಲು ಆಕ್ಸ್ ವೈರಿನ ತೂತು ಅಥವಾ ಬ್ಲೂಟೂತ್ ಇದ್ದರೆ ಅದೇ ಅರ್ಧ ಗುರು.

ಕರೆಂಟ್ ಹೋಗಿಬಂದು ಮಾಡುವ ಊರಿನವರು ಬ್ಯಾಟರಿಯಲ್ಲೂ ನಡೆಯುವ ಪುಟ್ಟ ಆಂಪ್ ನೋಡಬಹುದು. ಪಿಕಪ್‌ಗಳಲ್ಲೂ ಎರಡು ಬಗೆ. ಒಂಟಿ ಸುರುಳಿಯ ಪಿಕಪ್ ಸುತ್ತಲಿನ ಮೋಟಾರು, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯನ್ನೂ ಹಿಡಿದುಬಿಡುತ್ತದೆ. ಅದನ್ನು ಅಳಿಸಲೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಜೋಡಿ ಸುರುಳಿಯ ಹಂಬಕರ್ ರೂಪಿಸಿದ. ಬ್ರಿಡ್ಜ್ ಬಳಿ ಒಂದು ಹಂಬಕರ್, ಉಳಿದೆರಡು ಒಂಟಿ ಇರುವ ಗಿಟಾರ್ ಕೊಂಡರೆ ಮೆಲುಹಾಡಿಗೂ ಸೈ, ಅಬ್ಬರಕ್ಕೂ ಸೈ.

---

ಬಾಕ್ಸ್ | ಮೂರನೇ ಪಿನ್ನಿನಲ್ಲಿ ಜೀವವಿದೆ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪಿನ ಅರ್ಥ್‌ಗೆ ಸೇರಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಅದೇ ರಕ್ಷೆ. ಇಲ್ಲದಿದ್ದರೆ ದೋಷದ ಕರೆಂಟು ನೇರವಾಗಿ ನುಡಿಸುವವರ ಕೈಗೆ. 1972ರಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಲೆಸ್ ಹಾರ್ವಿ ವೇದಿಕೆಯಲ್ಲೇ ಮೈಕು ಮುಟ್ಟಿ ಸತ್ತ. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿದ್ದ ಕೀತ್ ರೆಲ್ಫ್ ಮನೆಯಲ್ಲಿ ಗಿಟಾರ್ ನುಡಿಸುವಾಗ ಶಾಕ್ ಹೊಡೆದು ಸತ್ತ.

ಆಂಪಿನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಬೇಡಿ. ಮನೆಯ ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಹುಯ್ಯಿರಿ. 30 ಮಿಲಿಆಂಪ್ಸ್ ಕರೆಂಟು ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಒದ್ದೆ ಕೈ, ಬರಿಗಾಲಿನಲ್ಲಿ ನುಡಿಸಬೇಡಿ. ಜನರೇಟರ್ ಮೇಲೆ ನಡೆಯುವ ವೇದಿಕೆಯಲ್ಲಿ ಮೈಕ್ ಮುಟ್ಟುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ.

---

ಕಾಡಿನ ಮರ, ಕೈಯ ವಾದ್ಯ

ಗಿಟಾರ್ ದೂರದ ದೇಶದ ವಾದ್ಯವೇ ಇರಬಹುದು. ಆದರೆ ಅದರ ಮರದ ನಂಟು ಈ ಸೀಮೆಯ ಕಾಡಿಗಿದೆ. ಬಹಳಷ್ಟು ಗಿಟಾರುಗಳಲ್ಲಿ ಬೆರಳು ಓಡುವ ಹಲಗೆ ಹಲವು ದಶಕ ಬೀಟೆಯದಾಗಿತ್ತು. ನಾಗರಹೊಳೆ, ಕಾಕನಕೋಟೆಯ ಕಾಡುಗಳಲ್ಲಿ ಬೆಳೆಯುವ ಇದೇ ಜಾತಿಯ ಬೀಟೆ ಜಗತ್ತಿನ ಗಿಟಾರ್ ತಯಾರಕರಿಗೆ ಬೇಕಾದ ಮರ.

ಬೀಟೆಯ ಕುಲದ ಹಲವು ಜಾತಿಗಳು ಅಳಿವಿನತ್ತ ಸರಿಯುತ್ತಿವೆಯೆಂದು 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದ ಇಡೀ ಕುಲದ ಅಂತರರಾಷ್ಟ್ರೀಯ ಮಾರಾಟಕ್ಕೆ ಕಡಿವಾಣ ಹಾಕಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಅಷ್ಟರೊಳಗೆ ಕಂಪನಿಗಳು ಬೇರೆ ಮರ ಹುಡುಕಿಕೊಂಡಿದ್ದವು. ಸ್ಕ್ವಯರ್‌ನಂಥ ಅಗ್ಗದ ಗಿಟಾರುಗಳ ವಿವರಪಟ್ಟಿಯಲ್ಲಿ ಇಂಡಿಯನ್ ಲಾರೆಲ್ ಎಂದು ಬರೆದಿರುತ್ತದೆ. ಅದು ಮತ್ತಿ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ದನ ಮೇಯಿಸಿದವರೆಲ್ಲ ಅದರ ನೆರಳಲ್ಲಿ ಕೂತವರೇ.

ಮರದ್ದಾದ್ದರಿಂದ ಗಿಟಾರ್ ಹವೆಗೆ ಸ್ಪಂದಿಸುತ್ತದೆ. ಮಳೆಗಾಲದ ಥಂಡಿಯಲ್ಲಿ ಹಿಗ್ಗುತ್ತದೆ, ಮಾಘ, ಫಾಲ್ಗುಣದ ಒಣಗಾಳಿಗೆ ಕುಗ್ಗಿ ಫ್ರೆಟ್ ತುದಿ ಹೊರಗೆ ಇಣುಕುತ್ತದೆ. ಬ್ಯಾರನ್ನಿನ ಗೋಡೆಗೆ, ಒಲೆಯ ಪಕ್ಕಕ್ಕೆ, ಬಿಸಿಲ ಕಿಟಕಿಗೆ ಒರಗಿಸಿಡಬೇಡಿ. ನುಡಿಸಿದ ಮೇಲೆ ಹತ್ತಿ ಬಟ್ಟೆಯಲ್ಲಿ ತಂತಿ ಒರೆಸಿದರೆ ಬೆವರಿನ ತುಕ್ಕು ಹತ್ತುವುದಿಲ್ಲ.

ಕಲಿಸುವವರು ಯಾರು?

ದೊಡ್ಡ ಗುರು ಸಿಗುವ ತನಕ ಕಾಯಬೇಕಿಲ್ಲ. ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರ ಓದಿದವರು. ಗೆಳೆಯನ ಸವಾಲಿಗೆ ಗಿಟಾರ್ ಹಿಡಿದರು. 2008ರಲ್ಲಿ ಅವರ ಮೊದಲ ಆಲ್ಬಂ ಬಂತು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಜಗತ್ತಿಗೆ ಹಾಡಿದರು.

ಗಿಟಾರ್ ಕನ್ನಡದ ಹಾಡಿಗೂ ಹೊಸದಲ್ಲ. ಇಳಯರಾಜ ಅವರು ಸಂಗೀತ ನಿರ್ದೇಶಕರಾಗುವ ಮೊದಲು ಕನ್ನಡ ಚಿತ್ರಗಳ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದರು, ಗಿಟಾರ್ ನುಡಿಸುತ್ತಿದ್ದರು. ಮೈಸೂರಿನವರೇ ಆದ ರಾಜನ್–ನಾಗೇಂದ್ರ ಪಾಶ್ಚಾತ್ಯ ವಾದ್ಯಗಳನ್ನು ಕನ್ನಡದ ಹಾಡಿಗೆ ಹದವಾಗಿ ಬೆರೆಸಿದವರು. ಮೈಸೂರು ಅರಮನೆಯ ಜಯಚಾಮರಾಜ ಒಡೆಯರ್ 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಪಡೆದಿದ್ದರು. ಆ ಕಾಲೇಜಿನ ಪರೀಕ್ಷಾ ವಿಭಾಗದಿಂದ ಬೆಳೆದ ಸಂಸ್ಥೆ ಇಂದು ಟ್ರಿನಿಟಿ ಹೆಸರಿನಲ್ಲೇ ನಡೆಸುವ ರಾಕ್ ಅಂಡ್ ಪಾಪ್ ಪರೀಕ್ಷೆಗಳಲ್ಲಿ ಎಲೆಕ್ಟ್ರಿಕ್ ಗಿಟಾರಿಗೂ ಗ್ರೇಡ್‌ಗಳಿವೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ, ಹುಣಸೂರಿನ ಗುರುಪುರದಲ್ಲಿ 1972ರಿಂದ ಟಿಬೆಟನ್ನರ ನೆಲೆಗಳಿವೆ. ಅವರ ದ್ರಾನ್ಯೆನ್ ಕೂಡ ಉದ್ದ ಕುತ್ತಿಗೆಯ, ಆರು ತಂತಿಯ ಮೀಟುವಾದ್ಯ. ತಂತಿ ಮೀಟುವ ಸಂಪ್ರದಾಯ ಈ ಸೀಮೆಗೆ ಹಲವು ದಾರಿಗಳಿಂದ ಬಂದು ಸೇರಿದೆ.

ಹೊಸಬರಿಗೆ ಮೊದಲ ತಿಂಗಳ ಪಾಠ ಇಷ್ಟು ಸಾಕು. ದಿನಕ್ಕೆ ಅರ್ಧ ಗಂಟೆ, ತಪ್ಪದೆ. ನುಡಿಸುವ ಮೊದಲು ಪ್ರತಿದಿನ ಶ್ರುತಿ. ನಾಲ್ಕೈದು ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಒಂದರಿಂದ ಇನ್ನೊಂದಕ್ಕೆ ಲಯ ತಪ್ಪದೆ ದಾಟುವುದು. ವೇಗ ಆಮೇಲೆ. ಬೆರಳ ತುದಿ ಗಟ್ಟಿಯಾಗಲು ಕೆಲವು ವಾರ ಬೇಕು. ಆ ನೋವು ಎಲ್ಲರಿಗೂ ಬರುತ್ತದೆ, ಎಲ್ಲರಿಗೂ ಹೋಗುತ್ತದೆ.

ಒಂದು ಗಿಟಾರ್, ಹಲವು ಕೈ

ದಸರೆಗೆ ಮುಂಚೆ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ತಾಲ್ಲೂಕುಗಳ ಕಾಲೇಜು ಮಕ್ಕಳೂ ಬಂದು ಕುಣಿಯುತ್ತಾರೆ, ಬಹುಪಾಲು ಧ್ವನಿಮುದ್ರಿತ ಹಾಡಿಗೆ. ಆ ಹಾಡನ್ನು ತಾವೇ ನುಡಿಸಬಲ್ಲ ಮಕ್ಕಳು ಹುಣಸೂರಿನಲ್ಲೂ ಇದ್ದಾರೆ, ಕೆ.ಆರ್. ನಗರದಲ್ಲೂ ಇದ್ದಾರೆ. ವಾದ್ಯ ಇಲ್ಲ, ಅಷ್ಟೇ.

20 ಸಾವಿರ ರೂಪಾಯಿ ಒಂದು ಕುಟುಂಬಕ್ಕೆ ಭಾರ. ಒಂದು ಕಾಲೇಜಿಗೆ, ಹಳೆ ವಿದ್ಯಾರ್ಥಿಗಳ ಸಂಘಕ್ಕೆ, ಗಣೇಶೋತ್ಸವದ ಯುವಕ ಮಂಡಳಿಗೆ ಭಾರವಲ್ಲ. ಪ್ರತಿ ಸರ್ಕಾರಿ ಪದವಿ ಕಾಲೇಜು, ಪ್ರತಿ ವಿದ್ಯಾರ್ಥಿನಿಲಯ ಒಂದು ಗಿಟಾರ್, ಒಂದು 15 ವ್ಯಾಟ್ ಆಂಪ್ ಇಟ್ಟುಕೊಂಡು ಪುಸ್ತಕದ ಹಾಗೆ ಎರವಲು ಕೊಡಲಿ. ಕೊಳ್ಳುವ ಶಕ್ತಿ ಇಲ್ಲದ ಮನೆಯ ಮಗುವಿಗೂ, ವಿಶೇಷವಾಗಿ ‘ಹುಡುಗೀರಿಗ್ಯಾಕೆ ಇದೆಲ್ಲ’ ಎಂಬ ಮಾತು ಕೇಳಿ ಸುಮ್ಮನಾದ ಹುಡುಗಿಗೂ, ಅದು ತಲುಪಲಿ. ಈ ಹರಾಜಿನ ಕಾಲದಲ್ಲಿ ಮನೆಗೆ ಒಂದು ಗಿಟಾರ್ ತರಲು ಆದವರು ತನ್ನಿ, ಆಗದವರಿಗೆ ಊರು ತರಲಿ. ಮುಂದಿನ ಗಣೇಶನ ವೇದಿಕೆಗೆ ಗಿಟಾರ್ ನುಡಿಸುವವರನ್ನು ಹೊರಗಿನಿಂದ ಕರೆಸುವ ಅಗತ್ಯ ಈ ನಾಲ್ಕು ತಾಲ್ಲೂಕಿಗೆ ಇರಬಾರದು.